ಪುಣೆಯಲ್ಲೊಂದು ದೋಣಿಯಿಲ್ಲದ ದೋಣಿಯಾನ

ಅಣ್ಣನ ಮಗಳು ಕಂಪನಿ ಕೆಲಸದ ಮೇಲೆ ಆರು ತಿಂಗಳು ಮೆಕ್ಸಿಕೋ ಸಿಟಿಯಲ್ಲಿದ್ದು ಮೊನ್ನೆ ಮೊನ್ನೆ ವಾಪಸ್ಸಾದಳು. ವಿಜಾಪುರದ ಬಸ್ಸು ಹತ್ತುವ ಮೊದಲು ಪುಣೆಯ ನಮ್ಮ ಮನೆಯಲ್ಲಿ ನಾಲ್ಕು ದಿನ ಇದ್ದಳು. ಬಂದ ದಿನವೇ ಚಹಾ ಕುಡಿಯುತ್ತ ಮೊಬೈಲನ್ನು ನನ್ನ ಮುಂದೆ ಹಿಡಿದಳು.

“ಕಾಕಾ, ಇದನ್ನ ನೋಡ್ರಿ. ಸೊಚಿಮಿಲ್ಕೊ ಅಂತ ಹೆಸರು. ಅಷ್ಟ ದೊಡ್ಡ ಊರಿನ ಒಳಗೇ ಐತಿ.”

ಫೋಟೋದಲ್ಲಿ ಒಂದು ಕಾಲುವೆ, ಕಾಲುವೆಯ ತುಂಬ ಚಪ್ಪಟೆ ತಳದ ದೋಣಿಗಳು. ನಮ್ಮ ಕಡೆ ಕಾರ ಹುಣ್ಣಿಮೆಗೆ ಎತ್ತುಗಳ ಕೊಂಬಿಗೆ ಬಣ್ಣ ಬಳಿಯುತ್ತಾರಲ್ಲ, ಹಾಗೆ ಕೆಂಪು, ಹಳದಿ, ನೀಲಿ. ಪ್ರತಿ ದೋಣಿಯ ಮುಂದೆ ಒಂದು ಕಮಾನು, ಕಮಾನಿನ ಮೇಲೆ ಒಂದು ಹೆಣ್ಣಿನ ಹೆಸರು. ಈ ದೋಣಿಗೆ ಅವರು ತ್ರಾಹಿನೇರಾ ಅನ್ನುತ್ತಾರಂತೆ. ಒಬ್ಬ ಉದ್ದನೆಯ ಗಳ ಹಿಡಿದು ನೀರಿನ ತಳಕ್ಕೆ ಊರಿ ದೋಣಿ ನೂಕುತ್ತಾನೆ. ಪಕ್ಕದಲ್ಲಿ ಇನ್ನೊಂದು ದೋಣಿ ಬರುತ್ತದೆ, ಅದರಲ್ಲಿ ಬೇಯಿಸಿದ ಮೆಕ್ಕೆಜೋಳ. ಮತ್ತೊಂದರಲ್ಲಿ ಹಾಡುವವರು. ಹಣ ಕೊಟ್ಟರೆ ನಿಮ್ಮ ದೋಣಿಗೆ ಅಂಟಿಕೊಂಡು ಹಾಡುತ್ತಾರೆ!

ಅವಳೇ ಹೇಳಿದಳು: ಆ ಊರು ಮೊದಲು ಒಂದು ಕೆರೆಯ ನಡುವೆ ಇತ್ತಂತೆ. ಅಜ್ಟೆಕ್ ಜನ ಕಟ್ಟಿದ ಆ ರಾಜಧಾನಿಯ ಹೆಸರು ತೆನೊಚ್ತಿತ್ಲಾನ್. ಆಳವಿಲ್ಲದ ನೀರಿನಲ್ಲಿ ಕೆಸರು, ಜೊಂಡು ಒಟ್ಟಿ ಹೊಲದ ಪಟ್ಟಿ ಮಾಡಿ, ಅಂಚಿಗೆ ಮರ ನೆಟ್ಟು ಮಣ್ಣು ಕುಸಿಯದಂತೆ ಹಿಡಿಯುವುದು ಆ ಸೀಮೆಯ ಒಕ್ಕಲುತನ. ಆ ಹೊಲಗಳಿಗೆ ಚಿನಾಂಪಾ ಅನ್ನುತ್ತಾರೆ. ಹೊಲ ಹೊಲದ ನಡುವೆ ಉಳಿದ ನೀರೇ ಕಾಲುವೆ, ಕಾಲುವೆಯೇ ಬಂಡಿ ದಾರಿ. 1521ರಲ್ಲಿ ಸ್ಪೇನಿನವರು ಊರು ಗೆದ್ದರು, ಮುಂದಿನ ಶತಮಾನಗಳಲ್ಲಿ ಕೆರೆಗಳನ್ನು ಬತ್ತಿಸುತ್ತ ಬಂದರು. ದಕ್ಷಿಣದ ಮೂಲೆಯಲ್ಲಿ ಉಳಿದದ್ದು ಈ ಸೊಚಿಮಿಲ್ಕೊ. 1987ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

“ನಿಮ್ಮ ಪುಣೆದೊಳಗ ಇಂಥಾದ್ದು ಏನೈತಿ ಕಾಕಾ? ಬರೇ ಟ್ರಾಫಿಕ್ಕು!”

ನನಗೆ ಸ್ವಲ್ಪ ಚುಚ್ಚಿತು ಅನ್ನಿ. 1988ರಿಂದ ಈ ಊರಿನ ನೀರು ಕುಡಿಯುತ್ತಿದ್ದೇನೆ. “ಇತ್ತವಾ, ಇಲ್ಲೂ ದೋಣಿ ಇತ್ತು. ನಾಳೆ ಮುಂಜಾನೆ ತೋರಸ್ತೀನಿ, ಲಗೂನ ಏಳು” ಅಂದೆ.

ಮರುದಿನ ಆರಕ್ಕೆಲ್ಲ ಪರ್ವತಿ ಗುಡ್ಡದ 103 ಮೆಟ್ಟಿಲು ಹತ್ತಿಸಿದೆ. ಮೇಲಿನ ದೇವದೇವೇಶ್ವರ ಗುಡಿ ನಾನಾಸಾಹೇಬ ಪೇಶ್ವೆ 1749ರಲ್ಲಿ ಕಟ್ಟಿಸಿದ್ದು. ನಾನಾಸಾಹೇಬ ಅಂದರೆ ಬಾಳಾಜಿ ಬಾಜೀರಾವ್. 1740ರಿಂದ 1761ರವರೆಗೆ ಪೇಶ್ವೆಯಾಗಿದ್ದವನು. ಪುಣೆ ಹಳ್ಳಿತನ ಕಳೆದು ದೊಡ್ಡ ಊರಾದದ್ದು ಬಹುಪಾಲು ಇವನ ಕಾಲದಲ್ಲಿ. ಪಾಣಿಪತದಲ್ಲಿ ಮಗ ವಿಶ್ವಾಸರಾವ್ ಮತ್ತು ಚಿಕ್ಕಪ್ಪನ ಮಗ ಸದಾಶಿವರಾವ್ ಭಾವೂ ಇಬ್ಬರನ್ನೂ ಕಳೆದುಕೊಂಡು, ಅದೇ ವರ್ಷ ಜೂನ್ ತಿಂಗಳಲ್ಲಿ ಇದೇ ಗುಡ್ಡದ ಮೇಲೆ ತೀರಿಕೊಂಡ.

ಮೇಲಿಂದ ಕೆಳಗೆ ತೋರಿಸಿ ಕೇಳಿದೆ, “ಏನ್ ಕಾಣ್ತದ?”

“ಗಾರ್ಡನ್ನು. ನಡುವ ಒಂದು ಗುಡಿ. ಸುತ್ತ ಗಾಡಿಗೋಳು.”

“ಆ ಗಾರ್ಡನ್ ಪೂರಾ ನೀರು ಅಂತ ತಿಳಕೋ. ಗುಡಿ ಇರೋದು ನಡುಗಡ್ಡಿ ಮ್ಯಾಲ.”

ಹೌದು, ಪುಣೆಯವರೆಲ್ಲ ಭೇಲ್ ತಿನ್ನಲು ಹೋಗುವ ಸಾರಸಬಾಗ್ ಒಂದು ಕೆರೆಯ ಅಂಗಳ. ಪರ್ವತಿಯ ಬುಡದಲ್ಲಿ ಹರಿಯುವ ಆಂಬಿಲ್ ಓಢಾ ಎಂಬ ಹಳ್ಳದ ನೀರನ್ನು ತಡೆದು ನಾನಾಸಾಹೇಬ ಇಲ್ಲಿ ಕೆರೆ ಕಟ್ಟಿಸಿದ. ಕೆಲಸ ನಿಧಾನವಾಗುತ್ತಿದೆ ಅಂತ ಒಂದು ದಿನ ಆನೆಯಿಂದಿಳಿದು ತಾನೇ ಕಲ್ಲು ಹೊರಲು ನಿಂತನಂತೆ, ಅದನ್ನು ನೋಡಿ ಜೊತೆಗಿದ್ದ ಸರದಾರರೂ ರುಮಾಲು ಸರಿಮಾಡಿಕೊಂಡು ಕಲ್ಲಿಗೆ ಕೈ ಹಾಕಿದರಂತೆ. ಹಳೇ ಪುಣೆಕರರು ಈ ಕತೆಯನ್ನು ಈಗಲೂ ಹೇಳುತ್ತಾರೆ. ಕೆರೆಯ ನಡುವೆ ಒಂದು ನಡುಗಡ್ಡೆ ಬಿಟ್ಟು ಅಲ್ಲಿ ತೋಟ ಮಾಡಿದರು. 1784ರಲ್ಲಿ ಸವಾಯಿ ಮಾಧವರಾವ್ ಪೇಶ್ವೆ ಆ ನಡುಗಡ್ಡೆಯಲ್ಲಿ ಗಣಪತಿಯನ್ನು ಕೂರಿಸಿದ. ಜನ ಅವನಿಗಿಟ್ಟ ಹೆಸರು ‘ತಳ್ಯಾತಲಾ ಗಣಪತಿ’. ನಮ್ಮ ಮಾತಿನಲ್ಲಿ ಹೇಳುವುದಾದರೆ ಕೆರೆಯೊಳಗಿನ ಗಣಪ್ಪ.

ಗಣಪ್ಪನ ದರ್ಶನಕ್ಕೆ ಹೋಗಬೇಕೆಂದರೆ ದೋಣಿ. ಪೇಶ್ವೆಯರು ಸಂಜೆ ಹೊತ್ತು ಈ ನೀರಿನಲ್ಲಿ ದೋಣಿಯಾನ ಮಾಡುತ್ತಿದ್ದರು. ಅಲ್ಲಿಗೆ ನಮ್ಮ ಸೊಚಿಮಿಲ್ಕೊ ಸಿಕ್ಕಂತಾಯ್ತು!

ಈ ದೋಣಿಗಳ ಬಗ್ಗೆ ಪುಣೆಯಲ್ಲಿ ಇನ್ನೊಂದು ಕತೆ ಇದೆ. ಅದು ನನ್ನನ್ನು ಬಹಳ ವರ್ಷಗಳಿಂದ ಕಾಡಿದೆ. ರಾಜ್ಯದ ಗುಟ್ಟಿನ ಮಾತುಗಳನ್ನು ವಾಡೆಯೊಳಗೆ ಆಡುವಂತಿಲ್ಲ, ಗೋಡೆಗೂ ಕಿವಿ. ಹಾಗಾಗಿ ಪೇಶ್ವೆ, ಕಾರಭಾರಿಗಳು ದೋಣಿ ಹತ್ತಿ ಕೆರೆಯ ನಡುವೆ ಹೋಗಿ ಮಾತಾಡುತ್ತಿದ್ದರಂತೆ. ಆದರೆ ದೋಣಿ ನಡೆಸುವವನಿಗೂ ಕಿವಿ ಇರುತ್ತದಲ್ಲ? ಅದಕ್ಕೇ ಹುಟ್ಟು ಹಾಕಲು ಹಬಶಿಗಳನ್ನು, ಅಂದರೆ ಆಫ್ರಿಕಾ ಮೂಲದ ಸಿದ್ದಿಗಳನ್ನು ಇಟ್ಟಿದ್ದರಂತೆ. ಅವರಿಗೆ ಮರಾಠಿ ಬರುವುದಿಲ್ಲ, ಆದ್ದರಿಂದ ಗುಟ್ಟು ಒಡೆಯುವುದಿಲ್ಲ.

ಮೊದಲ ಸಲ ಈ ಕತೆ ಕೇಳಿದಾಗ ನಕ್ಕಿದ್ದೆ. ಆಮೇಲೆ ನಗು ಬರಲಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಆಫೀಸಿನ ಮೀಟಿಂಗುಗಳಲ್ಲಿ ದೊಡ್ಡವರೆಲ್ಲ ಮುಖ್ಯವಾದದ್ದನ್ನು ಮರಾಠಿಯಲ್ಲಿ ಗಡಗಡ ಮಾತಾಡಿ ಮುಗಿಸಿ, ಕೊನೆಗೆ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಒಂದು ಸಾಲು ಹೇಳುತ್ತಿದ್ದರು. ವಿಜಾಪುರದವನಾದ ನನಗೆ ಮರಾಠಿ ಅರ್ಧಂಬರ್ಧ ತಿಳಿಯುತ್ತಿತ್ತು. ಬಾಯಿ ಮಾತ್ರ ಏಳುತ್ತಿರಲಿಲ್ಲ. ಹೊರನಾಡಿನಲ್ಲಿ ಬದುಕಿದವರಿಗೆಲ್ಲ ಇದು ಗೊತ್ತು. ದೋಣಿ ಅವರದು, ಮಾತು ಅವರದು, ಹುಟ್ಟು ನಮ್ಮದು.

ಅಣ್ಣನ ಮಗಳು ಕೇಳಿದಳು, “ಇಷ್ಟೆಲ್ಲಾ ಕಟ್ಟಾಕ ರೊಕ್ಕ ಎಲ್ಲಿಂದ ಬಂತು ಕಾಕಾ?”

ಒಳ್ಳೇ ಪ್ರಶ್ನೆ. ಇತಿಹಾಸದ ಪುಸ್ತಕದಲ್ಲಿ ಕೆರೆ ಒಂದು ಪುಟದಲ್ಲಿರುತ್ತದೆ, ದಂಡಯಾತ್ರೆ ಇನ್ನೊಂದು ಪುಟದಲ್ಲಿ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಪುಣೆ ಬೆಳೆಯುತ್ತಿದ್ದ ಆ ವರ್ಷಗಳಲ್ಲಿ ನಾನಾಸಾಹೇಬನ ದಂಡು ಮತ್ತೆ ಮತ್ತೆ ಕರ್ನಾಟಕಕ್ಕೆ ಬರುತ್ತಿತ್ತು. 1756ರಲ್ಲಿ ಸವಣೂರಿಗೆ ಮುತ್ತಿಗೆ. 1757ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ. ಆಗ ಮೈಸೂರಿನ ದಳವಾಯಿ ನಂಜರಾಜಯ್ಯ 32 ಲಕ್ಷ ರೂಪಾಯಿಗೆ ಒಪ್ಪಿಕೊಂಡು, ಕೈಯಲ್ಲಿದ್ದಷ್ಟು ಕೊಟ್ಟು, ಉಳಿದದ್ದಕ್ಕೆ ತಾಲೂಕುಗಳನ್ನು ಒತ್ತೆ ಇಡಬೇಕಾಯಿತು. 1760ರಲ್ಲಿ ನಿಜಾಮನನ್ನು ಉದಗೀರಿನಲ್ಲಿ ಸೋಲಿಸಿದ ಮೇಲೆ ನಮ್ಮ ವಿಜಾಪುರವೂ ಪೇಶ್ವೆಯರ ಪಾಲಾಯಿತು. ಪುಣೆಯ ಖಜಾನೆಗೆ ಬಂದ ರೊಕ್ಕದಲ್ಲಿ ಕನ್ನಡ ನಾಡಿನ ಹೊಲಗಳದ್ದೂ ಇತ್ತು. ಪರ್ವತಿಯ ಮೇಲೆ ನಿಂತಾಗ ನಾನು ಪೂರ್ತಿ ಪರವೂರಿನವನು ಅಂತ ನನಗೆ ಅನಿಸದಿರುವುದಕ್ಕೆ ಇದೂ ಒಂದು ಕಾರಣ.

ಹಾಗಂತ ನಮ್ಮೂರಿನವರು ಸಾಧುಗಳಲ್ಲ. 1630ರ ಸುಮಾರಿಗೆ ಆದಿಲಶಾಹಿ ಸರದಾರ ಮುರಾರ ಜಗದೇವ ಬಂದು ಪುಣೆಯನ್ನು ಸುಟ್ಟು, ಕತ್ತೆಗಳಿಂದ ನೇಗಿಲು ಹೂಡಿಸಿದ ಅಂತ ಹೇಳುತ್ತಾರೆ. ಆಮೇಲೆ ಜಿಜಾಬಾಯಿ ಬಾಲಕ ಶಿವಾಜಿಯ ಕೈಯಿಂದ ಬಂಗಾರದ ನೇಗಿಲು ಹೂಡಿಸಿ ಊರನ್ನು ಮತ್ತೆ ನೆಲೆಗೊಳಿಸಿದಳು. ಆಫೀಸಿನ ಗೆಳೆಯರು ಇದನ್ನು ಎತ್ತಿ ನನ್ನನ್ನು ಕಾಡಿಸುತ್ತಿದ್ದರು. “ಅದರ ಬಡ್ಡಿ ಸಮೇತ ನೀವು ತೀರಿಸಿಕೊಂಡಿರಲ್ಲ” ಅಂತ ನಾನೂ ಬಿಡುತ್ತಿರಲಿಲ್ಲ!

ಆದರೆ ವಿಜಾಪುರ, ಪುಣೆ ಎರಡಕ್ಕೂ ನಡುವೆ ಇದಕ್ಕಿಂತ ಒಳ್ಳೆಯ ನಂಟು ಇನ್ನೊಂದಿದೆ, ಅದು ನೆಲದ ಕೆಳಗೆ. ಮಧ್ಯಾಹ್ನ ಅವಳನ್ನು ಕಾತ್ರಜ್ ಕಡೆ ಕರೆದುಕೊಂಡು ಹೋದೆ. ಸಾತಾರಾ ರಸ್ತೆಯ ಈ ಗುಡ್ಡಗಳ ನಡುವೆ ಇದೇ ನಾನಾಸಾಹೇಬ 1750ರ ಆಸುಪಾಸಿನಲ್ಲಿ ಕೆರೆ ಕಟ್ಟಿಸಿದ. ಅಲ್ಲಿಂದ ಶನಿವಾರವಾಡೆಯ ತನಕ, ಸುಮಾರು ಹತ್ತು ಕಿಲೋಮೀಟರ್, ನೆಲದೊಳಗೆ ಕಲ್ಲು ಗಾರೆಯ ಕಾಲುವೆ. ಒಳಗೆ ಮನುಷ್ಯ ನಡೆದು ಹೋಗಬಹುದಾದಷ್ಟು ದೊಡ್ಡದು. ಪಂಪಿಲ್ಲ, ರಾಟೆ ಇಲ್ಲ, ಬರೀ ಇಳಿಜಾರು. ನಡು ನಡುವೆ ನೆಲದ ಮೇಲೆ ಕಟ್ಟಿದ ಗಾಳಿ ಕಿಂಡಿಗಳು, ಅವಕ್ಕೆ ‘ಉಚ್ಛ್ವಾಸ’ ಅಂತ ಹೆಸರು. ನೀರೂ ಉಸಿರಾಡಬೇಕಲ್ಲ! ಈ ನೀರು ಪೇಟೆ ಪೇಟೆಯ ಹೌದಗಳಿಗೆ ಬೀಳುತ್ತಿತ್ತು. ಕಾಳಾ ಹೌದ, ಬದಾಮಿ ಹೌದ, ನಾನಾ ಹೌದ, ಹೀಗೆ ಒಂದೊಂದಕ್ಕೆ ಒಂದೊಂದು ಹೆಸರು. ಕೊನೆಗೆ ಶನಿವಾರವಾಡೆಯ ಕಾರಂಜಿಗಳಲ್ಲಿ ಚಿಮ್ಮುತ್ತಿತ್ತು. ಹೌದ ಅನ್ನುವ ಮಾತು ಪಾರಸಿಯಿಂದ ಬಂದು ಮರಾಠಿಯಲ್ಲೂ ಕೂತಿದೆ, ನಮ್ಮ ಕಡೆಯ ಕನ್ನಡದಲ್ಲೂ ಕೂತಿದೆ. ನಮ್ಮವ್ವ “ಹೌದ ತುಂಬೈತೇನು?” ಅಂದರೆ ನಾವು “ಹೌದು” ಅನ್ನುತ್ತಿದ್ದೆವು.

ಉಚ್ಛ್ವಾಸದ ಗೋಪುರ ನೋಡಿ ಅಣ್ಣನ ಮಗಳು ತಟ್ಟನೆ ಅಂದಳು, “ಕಾಕಾ, ಇದು ನಮ್ಮೂರ ಗಂಜ್ ಇದ್ದಂಗ ಐತಿ!”

ವಿಜಾಪುರದವರಿಗೆ ಗೊತ್ತಿರುತ್ತದೆ. 1651ರಲ್ಲಿ ಮುಹಮ್ಮದ್ ಆದಿಲಶಾಹ ಊರಿನ ದಕ್ಷಿಣಕ್ಕೆ ಬೇಗಂ ತಲಾಬ್ ಕಟ್ಟಿಸಿದ. ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಊರಿಗೆ ಬರುತ್ತಿತ್ತು. ನೀರಿನ ಒತ್ತಡಕ್ಕೆ ಕೊಳವೆ ಒಡೆಯಬಾರದೆಂದು, ಕೆಸರು ಕೆಳಗೆ ಕೂರಲೆಂದು ದಾರಿಯಲ್ಲಿ ಅಲ್ಲಲ್ಲಿ ಎತ್ತರದ ಕಲ್ಲಿನ ಗೋಪುರ ಕಟ್ಟಿದ್ದರು. ಅವೇ ಗಂಜ್. ಅದಕ್ಕೂ ಮೊದಲು ತೊರವಿಯಿಂದ ನೆಲದಡಿಯ ಕಾಲುವೆ ಇತ್ತು. ಬೀದರಿನಲ್ಲಿ ಸುರಂಗ ಬಾವಿ ಇದೆ. ಔರಂಗಾಬಾದಿನಲ್ಲಿ ಮಲಿಕ್ ಅಂಬರ್ ತಂದ ನೆಹರ್ ಇದೆ. ಅಂದಹಾಗೆ ಮಲಿಕ್ ಅಂಬರ್ ಯಾರು? ಗುಲಾಮನಾಗಿ ಇಥಿಯೋಪಿಯಾದಿಂದ ಬಂದ ಹಬಶಿ! ದಖ್ಖನ್ನಿನ ಒಂದು ಊರಿಗೆ ನೀರು ಕುಡಿಸಿದ್ದು ಹಬಶಿ, ಇನ್ನೊಂದು ಊರಿನ ಕೆರೆಯಲ್ಲಿ ಮಾತು ತಿಳಿಯದವನೆಂದು ಹುಟ್ಟು ಹಿಡಿದು ಕೂತದ್ದೂ ಹಬಶಿ. ರಾಜ್ಯಗಳು ಒಂದನ್ನೊಂದು ಸುಡುತ್ತಿದ್ದವು. ಬಾವಿ ತೋಡುವವನ, ಗಾರೆ ಅರೆಯುವವನ, ಇಳಿಜಾರು ನೋಡುವವನ ವಿದ್ಯೆ ಮಾತ್ರ ಗಡಿ ಕೇಳದೆ ಊರಿಂದೂರಿಗೆ ನಡೆದು ಹೋಯಿತು.

ಪೇಶ್ವಾಯಿ 1818ಕ್ಕೆ ಮುಗಿಯಿತು. ದೋಣಿ ಹತ್ತುವ ಪೇಶ್ವೆ ಇಲ್ಲದ ಮೇಲೆ ಪರ್ವತಿಯ ಕೆರೆಗೆ ಕೆಲಸ ಏನು? ಹೂಳು ತುಂಬುತ್ತ ಬಂತು. ಬ್ರಿಟಿಷರು ಬೇರೆ ಕಡೆ ನೋಡಿದರು. ಮುಠಾ ನದಿಗೆ ಖಡಕ್ವಾಸ್ಲಾದಲ್ಲಿ ಅಣೆಕಟ್ಟು ಕಟ್ಟಿ, 1870ರ ದಶಕದಲ್ಲಿ ಅಲ್ಲಿಂದ ಕಾಲುವೆ ತೆಗೆದರು. ಇಂಜಿನಿಯರ್ ಫೈಫ್ ಹೆಸರಿನಲ್ಲಿ ಆ ಜಲಾಶಯಕ್ಕೆ ಲೇಕ್ ಫೈಫ್ ಅನ್ನುತ್ತಿದ್ದರು. ಬಲದಂಡೆ ಕಾಲುವೆ ಪರ್ವತಿಯ ಬುಡ ಸವರಿಕೊಂಡು, ಊರು ದಾಟಿ, ಹಡಪಸರ್, ಲೋಣಿ ಕಡೆಯ ಹೊಲಗಳಿಗೆ ಹೋಗುತ್ತದೆ. ಇವತ್ತಿಗೂ ಹೋಗುತ್ತಿದೆ.

ಇಲ್ಲಿ ನಮ್ಮವರೊಬ್ಬರು ಬರುತ್ತಾರೆ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಮೈಸೂರು ಸರಕಾರದ ವಿದ್ಯಾರ್ಥಿವೇತನದ ಮೇಲೆ ಪುಣೆಯ ಕಾಲೇಜ್ ಆಫ್ ಸೈನ್ಸಿಗೆ ಓದಲು ಬಂದು, 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ಪಾಸಾದರು. ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆ ಸೇರಿ, ಮುಂದೆ ಪುಣೆಯ ನೀರಾವರಿ ನೋಡಿಕೊಂಡರು. ಮಳೆಗಾಲದಲ್ಲಿ ಲೇಕ್ ಫೈಫಿನ ನೀರು ಕೋಡಿಯ ಮೇಲೆ ಸುಮ್ಮನೆ ಹರಿದು ಹೋಗುತ್ತಿತ್ತು. ಅಣೆಕಟ್ಟನ್ನು ಎತ್ತರಿಸದೆಯೇ ಆ ನೀರು ಹಿಡಿದಿಡಲು 1903ರಲ್ಲಿ ತಾವೇ ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನು ಅಲ್ಲಿ ಕೂರಿಸಿದರು. ನೀರು ಒಂದು ಮಟ್ಟಕ್ಕೆ ಏರಿದರೆ ಗೇಟು ತಾನಾಗಿ ತೆರೆಯುತ್ತದೆ, ಇಳಿದರೆ ತಾನಾಗಿ ಮುಚ್ಚುತ್ತದೆ. ಈ ಬಗೆಯ ಗೇಟುಗಳು ಆಮೇಲೆ ಕನ್ನಂಬಾಡಿಗೂ ಬಂದವು. ಕಾಲುವೆ ನೀರನ್ನು ಸರದಿಯಂತೆ ಹಂಚುವ ಬ್ಲಾಕ್ ಪದ್ಧತಿಯೂ ಅವರು ಈ ಸೀಮೆಯಲ್ಲಿ ಕೆಲಸ ಮಾಡುವಾಗಲೇ ರೂಪುಗೊಂಡದ್ದು. ನಾವು ಕನ್ನಂಬಾಡಿಯಿಂದ ಅವರನ್ನು ನೆನೆಯುತ್ತೇವೆ, ಆದರೆ ಅವರ ಕೈ ಪಳಗಿದ್ದು ಪುಣೆಯ ಈ ನೀರಿನಲ್ಲಿ.

ಜುಲೈ 12, 1961. ಕಟ್ಟುತ್ತಿದ್ದ ಪಾನಶೇತ್ ಅಣೆಕಟ್ಟು ಒಡೆಯಿತು, ಅದರ ಹೊಡೆತಕ್ಕೆ ಖಡಕ್ವಾಸ್ಲಾ ಕೂಡ ಒಡೆಯಿತು. ನದಿ ದಂಡೆಯ ಹಳೇ ಪೇಟೆಗಳು ಮುಳುಗಿದವು. ಈಗಲೂ ಇಲ್ಲಿನ ಅಜ್ಜಂದಿರು ಕಾಲವನ್ನು ಪಾನಶೇತ್ ಮೊದಲು, ಪಾನಶೇತ್ ಆಮೇಲೆ ಅಂತ ಎಣಿಸುತ್ತಾರೆ. ಅದೇ ದಶಕದಲ್ಲಿ ಪರ್ವತಿಯ ಕೆರೆಯನ್ನು ಬರಿದು ಮಾಡಿ ಉದ್ಯಾನ ಮಾಡಿದರು. ನಡುಗಡ್ಡೆ ನೆಲಕ್ಕೆ ಸೇರಿತು. ಗಣಪ್ಪ ಇದ್ದಲ್ಲೇ ಇದ್ದ, ಸುತ್ತಲಿನ ನೀರು ಹೋಯಿತು. ಗುಡಿಯ ಬಳಿ ಈಗ ಇರುವುದು ಕಮಲ ಅರಳುವ ಸಣ್ಣ ಕೊಳ ಅಷ್ಟೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ನಾನು ಓದಿ, ಕೇಳಿ ತಿಳಿದದ್ದು. ಓದುವ ಹುಚ್ಚು ಹತ್ತಿದ್ದು ಯಾಕೆ ಅಂತ ಈಗ ಹೇಳಬೇಕು.

ನಮ್ಮ ಮನೆಯಲ್ಲಿ ಕಸ ಮುಸುರಿಗೆ ಒಬ್ಬ ಬಾಯಿ ಬರುತ್ತಿದ್ದಳು, ಈಗಲೂ ಬರುತ್ತಾಳೆ. ಸೋಲಾಪುರದವಳು ಅಂತ ಯಾರೋ ಹೇಳಿದ್ದರು. ಮೂರು ವರ್ಷ ಅವಳ ಹತ್ತಿರ ಮರಾಠಿಯಲ್ಲೇ ಮಾತು. ನಾನೂ ನನ್ನ ಹೆಂಡತಿಯೂ ಅವಳಿಗೆ ತಿಳಿಯಬಾರದ ಮಾತನ್ನು ಅವಳೆದುರೇ ಕನ್ನಡದಲ್ಲಿ ಆಡುತ್ತಿದ್ದೆವು. ದೀಪಾವಳಿಗೆ ಎಷ್ಟು ಕೊಡುವುದು, ಈ ತಿಂಗಳು ಎಷ್ಟು ರಜೆ ಹಾಕಿದಳು, ಆ ಸ್ಟೀಲ್ ಡಬ್ಬಿ ಎಲ್ಲಿ ಹೋಯಿತು... ಹೀಗೆ. ಅವಳು ತಲೆ ತಗ್ಗಿಸಿ ಪಾತ್ರೆ ತಿಕ್ಕುತ್ತಿದ್ದಳು.

ಸೆಪ್ಟೆಂಬರ್ 27, 2018. ಬೆಳಿಗ್ಗೆ ಹನ್ನೊಂದರ ಸುಮಾರು. ಅವಳ ಮೊಬೈಲ್ ಬಾರಿಸಿತು. ಕಿವಿಗೆ ಹಿಡಿದವಳೇ ಕುಸಿದು ಕೂತಳು.

“ಅಯ್ಯೋ ಯವ್ವಾ, ಮನ್ಯಾಗ ನೀರ ಹೊಕ್ಕಾವಂತ!”

ಶುದ್ಧ ಅಫಜಲಪುರದ ಕನ್ನಡ. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅವಳಿಗೆ ಅದರ ಕಡೆ ಲಕ್ಷ್ಯವಿಲ್ಲ.

“ಮಳಿ ಇಲ್ಲ ಏನಿಲ್ಲ. ಇಷ್ಟು ನೀರ ಎಲ್ಲಿಂದ ಬಂದಾವ್ರೀ ಅಣ್ಣಾರ?”

ಆ ದಿನ ದಾಂಡೇಕರ್ ಪೂಲಿನ ಹತ್ತಿರ ಮುಠಾ ಬಲದಂಡೆ ಕಾಲುವೆಯ ಗೋಡೆ ಒಡೆದಿತ್ತು. ಕಾಲುವೆ ಎತ್ತರದಲ್ಲಿ, ಜನತಾ ವಸಾಹತ್ ಕಡೆಯ ತಗಡಿನ ಮನೆಗಳು ಕೆಳಗೆ. ಬಿಸಿಲಿನಲ್ಲಿ ಪ್ರವಾಹ! ಗೋಡೆಯನ್ನು ಇಲಿ, ಏಡಿಗಳು ಕೊರೆದಿದ್ದವು ಅಂತಲೂ ಮಾತು ಬಂತು. ಸಂಜೆ ಅವಳ ಜೊತೆ ಹೋದೆ. ಗೋಡೆಯ ಮೇಲೆ ಎದೆಮಟ್ಟಕ್ಕೆ ಕೆಸರಿನ ಗೆರೆ. ಜೋಳದ ಹಿಟ್ಟು, ಹುಡುಗರ ಪುಸ್ತಕ, ಹೊಲಿಗೆ ಮಷೀನು, ರೇಷನ್ ಕಾರ್ಡು, ಎಲ್ಲ ಒಂದೇ ಬಣ್ಣ. ಮಾರನೇ ದಿನ ಪಂಚನಾಮಾದ ಕಾಗದ ಬರೆಸುವಲ್ಲಿ ನಾನು ಅವಳ ಪಕ್ಕ ನಿಂತಿದ್ದೆ. ಅವಳಿಗೆ ಮರಾಠಿ ಮಾತು ಬರುತ್ತದೆ, ಓದಲು ಬರುವುದಿಲ್ಲ. ಬರೆದುಕೊಳ್ಳುವವರು ‘ಕಾಲವಾ ಫುಟಲಾ’ ಅಂದರು. ನಾನು ಕಾಲುವೆ ಒಡೀತು ಅಂದೆ. ಕಾಲವಾ, ಕಾಲುವೆ. ಎರಡೂ ಒಂದೇ ಹೊಟ್ಟೆಯ ಮಾತು ಅಂತ ಕಿವಿಗೇ ತಿಳಿಯುತ್ತದಲ್ಲ! ಮೂವತ್ತು ವರ್ಷ ಈ ಊರಿನಲ್ಲಿದ್ದು ನಾನದನ್ನು ಗಮನಿಸಿಯೇ ಇರಲಿಲ್ಲ. ಪರ್ವತಿಯ ಬುಡದಲ್ಲಿ ಕಾಲುವೆ ಇದೆ ಅನ್ನುವುದೂ ನನಗೆ ಅಷ್ಟಾಗಿ ಗೊತ್ತಿರಲಿಲ್ಲ.

ವಾಪಸ್ ಬರುವಾಗ ಕೇಳಿದೆ, “ನಿನಗ ಕನ್ನಡ ಬರ್ತದ ಅಂತ ಒಂದ್ ದಿನಾನೂ ಹೇಳಲಿಲ್ಲಲ್ಲವಾ?”

“ನೀವು ಕೇಳಲಿಲ್ರೀ” ಅಂದಳು.

ಆ ರಾತ್ರಿ ಹಬಶಿ ಅಂಬಿಗರ ಕತೆ ನೆನಪಾಗಿ ನಿದ್ದೆ ಬರಲಿಲ್ಲ. ಅವರಿಗೆ ಮರಾಠಿ ಬರುವುದಿಲ್ಲ ಅಂತ ಹೇಳಿದ್ದು ಯಾರು? ದೋಣಿಯಲ್ಲಿ ಕೂತವರು. ವರ್ಷಗಟ್ಟಲೆ ದೋಣಿ ನಡೆಸಿದವನಿಗೆ ಕೂತವರ ಮಾತು ತಿಳಿಯದೇ ಇದ್ದೀತೇ? ತಿಳಿದೂ ಹುಟ್ಟು ಹಾಕಿದ್ದಾರು. ಕೆಲಸ ಉಳಿಯಬೇಕಲ್ಲ. ಇಷ್ಟು ದಿನ ನಾನು ಆ ಕತೆಯಲ್ಲಿ ಅಂಬಿಗನ ಜಾಗದಲ್ಲಿ ಕೂತು ನನಗೆ ನಾನೇ ಮರುಗುತ್ತಿದ್ದೆ. ನನ್ನ ಅಡುಗೆಮನೆಯಲ್ಲಿ ಮಾತ್ರ ಪೇಶ್ವೆಯ ಜಾಗ ನನ್ನದಾಗಿತ್ತು!

ಮುಂದಿನ ವರ್ಷ, ಸೆಪ್ಟೆಂಬರ್ 25, 2019ರ ರಾತ್ರಿ, ಇನ್ನೊಂದು ನೀರು ಬಂತು. ಈ ಸಲ ನಿಜವಾದ ಮಳೆ. ಆಂಬಿಲ್ ಓಢಾ ಉಕ್ಕಿ ಕಾತ್ರಜದಿಂದ ಸಹಕಾರನಗರ, ದಾಂಡೇಕರ್ ಪೂಲಿನ ತನಕ ನುಗ್ಗಿತು. ಆ ಮಳೆಗೆ ಪುಣೆಯಲ್ಲೂ ಸುತ್ತಮುತ್ತಲೂ ಇಪ್ಪತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಪೇಶ್ವೆಯರ ಕಾಲಕ್ಕೂ ಮೊದಲು ಈ ಹಳ್ಳ ಊರೊಳಗೇ ಹರಿಯುತ್ತಿತ್ತು, ಪೇಟೆ ಬೆಳೆಸಲು ಅದರ ದಾರಿಯನ್ನು ಪಶ್ಚಿಮಕ್ಕೆ ತಿರುಗಿಸಿದ್ದರು. ಆದರೆ ಆಗ ದಾರಿಯಲ್ಲಿ ಕಾತ್ರಜದ ಕೆರೆ ಇತ್ತು, ಪರ್ವತಿಯ ಕೆರೆ ಇತ್ತು, ನೀರು ನಿಂತು ದಣಿವಾರಿಸಿಕೊಂಡು ಹೋಗಲು ಜಾಗ ಇತ್ತು. ಈಗ ಒಂದು ಕೆರೆ ಉದ್ಯಾನವಾಗಿದೆ, ಹಳ್ಳದ ಅಂಚಿಗೆ ಗೋಡೆಗಳು ಬಂದಿವೆ. ನೀರಿಗೆ ಹಳೇ ದಾರಿ ಮರೆಯುವುದಿಲ್ಲ. ಅದೂ ಅಂಬಿಗನ ಹಾಗೆ, ಏನೂ ತಿಳಿಯದವನಂತೆ ಸುಮ್ಮನಿರುತ್ತದೆ ಅಷ್ಟೆ.

ಇದನ್ನೆಲ್ಲ ಹೇಳಿ ಮುಗಿಸುವ ಹೊತ್ತಿಗೆ ನಾವು ಸಂಗಮದ ಹತ್ತಿರ ಬಂದಿದ್ದೆವು. ವಿಶ್ವೇಶ್ವರಯ್ಯನವರು ಓದಿದ ಆ ಕಾಲೇಜು ಈಗ ಸಿಓಇಪಿ. ಅದರ ಬೋಟ್ ಕ್ಲಬ್ ಇರುವುದು ಇಲ್ಲಿ. ಇಲ್ಲಿನ ಹುಡುಗರು 1928ರಿಂದ ರಿಗಾಟಾ ಅಂತ ದೋಣಿಯ ಉತ್ಸವ ನಡೆಸುತ್ತ ಬಂದಿದ್ದಾರೆ. ಅವರ ದೋಣಿಗಳಲ್ಲಿ ಒಂದಕ್ಕೆ ಪಂಟ್ ಅನ್ನುತ್ತಾರೆ. ಚಪ್ಪಟೆ ತಳ, ಉದ್ದನೆಯ ಗಳ ಊರಿ ನೂಕುವುದು. “ಅರೆ, ತ್ರಾಹಿನೇರಾ!” ಅಂದಳು. ನೀರಿನ ವಾಸನೆ ಮೂಗಿಗೆ ಬಡಿದಾಗ ಕರ್ಚೀಫು ಹಿಡಿದಳು.

“ಅಲ್ಲೆ ನೀರು ಹೆಂಗೈತಿ?” ಅಂತ ಕೇಳಿದೆ.

ಅವಳು ಸುಳ್ಳು ಹೇಳಲಿಲ್ಲ. ಸೊಚಿಮಿಲ್ಕೊದ ಊಟೆಗಳ ಸಿಹಿನೀರನ್ನು 20ನೇ ಶತಮಾನದ ಶುರುವಿನಲ್ಲೇ ಕೊಳವೆಗೆ ಹಾಕಿ ನಗರಕ್ಕೆ ಒಯ್ದರಂತೆ. ಊಟೆ ಬತ್ತಿದ ಮೇಲೆ ನಗರದ ಕೊಳಚೆಯನ್ನು ಸಂಸ್ಕರಿಸಿ ಕಾಲುವ‍ೆಗಳಿಗೆ ಬಿಡುತ್ತಾರಂತೆ. ಮೊದಲು ತರಕಾರಿ ದೋಣಿಗಳು ಊರ ನಡುವಿನ ತನಕ ಹೋಗುತ್ತಿದ್ದ ಲಾ ವಿಗಾ ಎಂಬ ಕಾಲುವೆ ಈಗ ಗಾಡಿ ಓಡುವ ರಸ್ತೆ. ಆದರೂ ಅಲ್ಲಿ ಇನ್ನೂ ಹೂವು, ಸೊಪ್ಪು ಬೆಳೆಯುವವರಿದ್ದಾರೆ, ಗಳ ಹಿಡಿಯುವವರಿದ್ದಾರೆ. ನೀರಿನ ಮೇಲೆ ಅವರ ಅನ್ನ ನಿಂತಿದೆ, ಅದಕ್ಕೇ ನೀರು ಅಷ್ಟಾದರೂ ಉಳಿದಿದೆ. ನಮ್ಮ ಪರ್ವತಿಯ ಕೆರೆ ದೊಡ್ಡವರ ವಿಹಾರಕ್ಕೆ ಒದಗಿದ ನೀರು, ವಿಹಾರ ಮುಗಿದ ಮೇಲೆ ಅದರ ಕಡೆ ತಿರುಗಿ ನೋಡುವವರಿಲ್ಲ. ಆದರೆ ಮುಠಾ ಕಾಲುವೆ ರೈತರಿಗೆ ಬೇಕು, ಹಾಗಾಗಿ ಉಳಿದಿದೆ. ಅದರ ಕೆಳಗೆ ಮನೆ ಕಟ್ಟಿಕೊಂಡವರೂ ಯಾರಿಗೋ ಬೇಕು, ಹಾಗಾಗಿ ಅಲ್ಲಿದ್ದಾರೆ. ಅವರ ಹೆಸರು ಮಾತ್ರ ಯಾವ ಕಮಾನಿನ ಮೇಲೂ ಇಲ್ಲ.

ಅವಳು ಊರಿಗೆ ಹೊರಡುವ ದಿನ ಬಾಯಿಯೂ ಇದ್ದಳು. ಇಬ್ಬರೂ ಅಡುಗೆಮನೆಯಲ್ಲಿ ಕೂತು ಕನ್ನಡದಲ್ಲಿ ಜೋರು ಜೋರು ಹರಟೆ. ಮುಂಬರುವ ಚತುರ್ಥಿಗೆ ಎಲ್ಲಿಗೆ ಹೋಗುತ್ತೀ ಅಂತ ಅಣ್ಣನ ಮಗಳು ಕೇಳಿದ್ದಕ್ಕೆ ಬಾಯಿ, “ನಮ್ದು ಯಾವಾಗ್ಲೂ ಕೆರಿ ಗಣಪ್ಪನ ಗುಡಿನೇರಿ” ಅಂದಳು.

“ಅಲ್ಲೆ ಕೆರಿನೇ ಇಲ್ಲಲ್ಲ?”

“ಇತ್ತಂತಲ್ಲವಾ. ನಿಮ್ಮ ಕಾಕಾರು ಹೇಳಿಲ್ಲೇನು? ನನಗಂತೂ ಹತ್ತ ಸಲ ಹೇಳ್ಯಾರ!”

ನಾನು ಹೊರಗಿನ ಕೋಣೆಯಲ್ಲಿ ಪೇಪರ್ ಹಿಡಿದು, ಏನೂ ಕೇಳಿಸದವನ ಹಾಗೆ ಕೂತಿದ್ದೆ.